ಅಂಚಿನಲ್ಲಿ ಬರೆದ ಜ್ವರ

ನಮ್ಮ ತಾತ ಬರೆದ ಕಾಗದಗಳಲ್ಲಿ ಯಾರಿಗೂ ಎಂದೂ ಕಾಯಿಲೆ ಬಂದದ್ದಿಲ್ಲ. "ಉಭಯ ಕುಶಲೋಪರಿ ಸಾಂಪ್ರತ, ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮಗಳ ಕ್ಷೇಮಕ್ಕೆ ಆಗಿಂದಾಗ್ಗೆ ಬರೆಯುತ್ತಿರತಕ್ಕದ್ದು" ಎಂದು ಶುರುವಾದರೆ ಮಳೆ, ರಾಗಿ, ವರ್ತೂರು ಕೆರೆ ಕೋಡಿ ಬಿದ್ದದ್ದು, ಪಕ್ಕದ ಹೊಲದವನು ಬದು ಒತ್ತಿದ್ದು ಎಲ್ಲ ಬಂದು, "ಇತಿ" ಎಂದು ಮುಗಿಯುತ್ತಿತ್ತು. ಅಪ್ಪ ಆಗ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರು. ವಾರಕ್ಕೊಂದು ಇನ್‌ಲ್ಯಾಂಡು ಹೀಗೆ ಕ್ಷೇಮವನ್ನೇ ಹೊತ್ತುಕೊಂಡು ಹೋಗುತ್ತಿತ್ತು.

ತಾತ ಬರೆದು ಮುಗಿಸಿ, ಕನ್ನಡಕ ತೆಗೆದು, ಎಲೆ ಅಡಿಕೆಗೆ ಎದ್ದರೆ ಅಜ್ಜಿ ಆ ಕಾಗದವನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳಂತೆ. ಓದಿದ್ದು ಮೂರನೇ ಕ್ಲಾಸು. ತಾತ ಅವಳಿಗೆಂದು ಜಾಗ ಬಿಟ್ಟವರಲ್ಲ. ಆದ್ದರಿಂದ ಅವಳು ಅಂಚಿನಲ್ಲಿ, ಕಾಗದವನ್ನು ಸುತ್ತ ತಿರುಗಿಸುತ್ತಾ, ಇರುವೆ ಸಾಲಿನ ಹಾಗೆ ಬರೆಯುತ್ತಿದ್ದಳು. ಅಂಚೂ ಮುಗಿದರೆ ಅಂಟಿಸುವ ಕಿವಿಯ ಮೇಲೆ. ಮನೆಯ ನಿಜವಾದ ಸಮಾಚಾರವೆಲ್ಲ ಅಲ್ಲಿ: ಚಿಕ್ಕವನಿಗೆ ಗೌತಾಳಮ್ಮ, ಎಮ್ಮೆಗೆ ಕಾಲುಬಾಯಿ, ತಾತನಿಗೆ ರಾತ್ರಿ ಹೊತ್ತು ಹತ್ತು ಸಲ ಎದ್ದು ಹೋಗುವ ಹಾಗಾಗಿರುವುದು. ಅಪ್ಪ ತಾತನ ಬರಹವನ್ನು ಒಂದು ಸಲ, ಅಂಚನ್ನು ನಾಲ್ಕು ಸಲ ಓದುತ್ತಿದ್ದರು. ಕಷ್ಟವೇನೆಂದರೆ ಕಿವಿಗೆ ಗೋಂದಿರುತ್ತದೆ. ಕಾಗದ ಬಿಡಿಸುವಾಗ ಅರ್ಧ ಕಾಯಿಲೆ ಹರಿದು ಹೋಗುತ್ತಿತ್ತು.

ಈ ಕಾಗದಗಳು ಒಂದು ತಗಡಿನ ಟ್ರಂಕಿನಲ್ಲಿ ನನ್ನ ಬಳಿ ಇವೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಮತ್ತೆ ತೆರೆಸಿದವಳು ಮಾತ್ರ ಇರಾನಿನ ಹುಡುಗಿ.

2015ರ ಸುಮಾರಿಗೆ ನಮ್ಮ ಮಹಡಿಮನೆ ಖಾಲಿ ಬಿದ್ದಿತ್ತು. ಐಟಿಯವರು ಬಂದು ನೋಡುತ್ತಿದ್ದರು, ಕೆರೆಯ ಕಡೆಯಿಂದ ಗಾಳಿ ಬೀಸುತ್ತಲೇ ಮೂಗು ಮುಚ್ಚಿಕೊಂಡು "ತಿಳಿಸ್ತೀವಿ ಸಾರ್" ಎನ್ನುತ್ತಿದ್ದರು. ವರ್ತೂರು ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತುತ್ತಿದ್ದ ಕಾಲ ಅದು. ಕೋಲಾರದ ನೆಂಟರು ಟೀವಿಯಲ್ಲಿ ನೋಡಿ, "ಏನ್ ಭಾವ, ನಿಮ್ಮೂರಲ್ಲಿ ಐಸ್ ಬಿದ್ದೈತಂತೆ" ಎಂದು ಫೋನು ಮಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಓದಲು ಬಂದಿದ್ದ ಇರಾನಿನ ಗಂಡ ಹೆಂಡತಿ ಇಬ್ಬರು ಬಂದು, ಆ ಹುಡುಗಿ ಕಿಟಕಿಯಿಂದ ನೊರೆಯನ್ನು ನೋಡಿ ಚಪ್ಪಾಳೆ ತಟ್ಟಿದಳು. ನಾನು ಆ ಕೂಡಲೇ ಬಾಡಿಗೆಯಲ್ಲಿ ಐನೂರು ಇಳಿಸಿದೆ. ಕೆರೆಯನ್ನು ನೋಡಿ ನಕ್ಕವರು ಅಷ್ಟು ದಿನಕ್ಕೆ ಅವರೊಬ್ಬರೇ.

ಹುಡುಗಿಯ ಊರು ಶಿರಾಜ್. ಆಗಾ ಅಲಿ ಅಸ್ಕರ್ ಎಂಬ ಕುದುರೆ ವ್ಯಾಪಾರಿ ಅದೇ ಊರಿನಿಂದ 1824ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಬೆಂಗಳೂರಿಗೆ ಬಂದವರೆಂದೂ, ಕುದುರೆ ಮಾರಿ ಬಂಗಲೆಗಳನ್ನು ಕಟ್ಟಿಸಿದರೆಂದೂ, ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರೆಂದೂ ನಾನು ಹೇಳಿದೆ. ನಂಬಲಿಲ್ಲ. ಅಲಿ ಅಸ್ಕರ್ ರಸ್ತೆಗೆ ಕರೆದುಕೊಂಡು ಹೋದೆ. ಎರಡು ಬಸ್ಸು, ಒಂದು ಆಟೋ, ಒಂದು ಜಗಳ. ಅವಳು ರಸ್ತೆಯ ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಶಿರಾಜಿನ ತಾಯಿಗೆ ಕಳಿಸಿ, ಕೆಳಗೆ ಏನೋ ಬರೆದಳು. ಏನೆಂದು ಕೇಳಿದೆ. "ಇಲ್ಲಿ ಎಲ್ಲ ಕ್ಷೇಮ ಅಂತ, ಅಂಕಲ್." ಅವಳಿಗೆ ಆ ದಿನ ನೂರೊಂದು ಡಿಗ್ರಿ ಜ್ವರ. ಹೊರಡುವ ಮೊದಲು ನನ್ನ ಹೆಂಡತಿಯೇ ಹಣೆ ಮುಟ್ಟಿ ನೋಡಿ ಬೇಡ ಎಂದಿದ್ದಳು.

ಕಾಗದದ ಪುರಾಣ ಶುರುವಾದದ್ದು ಆ ಜ್ವರದ ಹಾಸಿಗೆಯ ಪಕ್ಕದಲ್ಲಿ. ನನ್ನ ಹೆಂಡತಿ ಮೆಣಸಿನ ಸಾರು ಹಿಡಿದು ಮಹಡಿ ಹತ್ತಿದಳು. ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಅರ್ಧ ಗಂಟೆಯಲ್ಲಿ ಮಾತು ಸಾಗುತ್ತಿತ್ತು, ಕಾರಣ ಕಾಯಿಲೆಯ ಸಾಮಾನುಗಳೆಲ್ಲ ಒಂದೇ ಅಂಗಡಿಯವು. ದವಾಖಾನೆ ಎಂದರೆ ಅವಳಿಗೆ ತಿಳಿಯಿತು. ಮುಲಾಮು ಅವಳಲ್ಲಿ ಮರ್ಹಮ್. ನಮ್ಮ ಕಾಗದವೇ ಅವರ ಕಾಗಜ್. ನಮ್ಮ 'ಕಾಯಿಲೆ' ಎಂಬ ಪದವೂ 'ಕಾಹಿಲಿ'ಯಿಂದ ಬಂದದ್ದು ಎನ್ನುತ್ತಾರೆ. ಅವರಲ್ಲಿ ಹಾಗೆಂದರೆ ಸೋಮಾರಿತನ. ಇದು ಗೊತ್ತಾದ ದಿನದಿಂದ ನನ್ನ ಹೆಂಡತಿ ನನ್ನ ಸೊಂಟನೋವನ್ನು ನೋಡುವ ದೃಷ್ಟಿಯೇ ಬೇರೆಯಾಗಿದೆ. ಎಡವಟ್ಟಾದದ್ದು ಜುಲಾಬಿನಲ್ಲಿ. ಹೊಟ್ಟೆ ಕಟ್ಟಿದ್ದರೆ ಜುಲಾಬು ತೊಗೋ ಎಂದು ಇವಳು ಕೈಸನ್ನೆ ಮಾಡಿ ಹೇಳಿದರೆ ಅವಳು ಅರಳಿದ ಮುಖದಿಂದ, "ಗೊಲಾಬ್! ನಮ್ಮಲ್ಲಿ ಅದನ್ನು ಹಲ್ವಾಗೆ ಹಾಕ್ತೀವಿ" ಎಂದಳು. ಪನ್ನೀರು ಎಂಬ ಅರ್ಥದ ಗುಲಾಬ್, ಅರಬರ ಬಾಯಲ್ಲಿ ಜುಲಾಬ್ ಆಗಿ, ಹಕೀಮರ ಶೀಷೆಯಲ್ಲಿ ಷರಬತ್ತಾಗಿ, ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಭೇದಿ ಔಷಧವಾದದ್ದನ್ನು ನಾನು ಬಿಡಿಸಿ ಹೇಳುವವರೆಗೆ ನನ್ನ ಹೆಂಡತಿ ಅವರ ಮನೆಯ ಸಿಹಿ ಮುಟ್ಟಲಿಲ್ಲ.

ಜ್ವರ ಬಿಟ್ಟ ಮೇಲೆ ಹುಡುಗಿ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಅವಳ ಮುತ್ತಜ್ಜಿ ಶಿರಾಜಿನಿಂದ ಬುಶೆಹರ್ ಬಂದರಿನಲ್ಲಿದ್ದ ಗಂಡನಿಗೆ ಬರೆಸಿದ ಕಾಗದ. ನಡುವೆ ನೆಟ್ಟಗೆ ನಾಲ್ಕಾರು ಸಾಲು. ಆಮೇಲೆ ಬರಹ ಅಂಚಿಗೆ ಹತ್ತಿ, ಓರೆಯಾಗಿ, ಕಾಗದದ ಸುತ್ತ ತಿರುಗಿ, ತಲೆಕೆಳಗಾಗಿ ಮತ್ತೆ ಮೇಲಕ್ಕೆ ಬಂದು ನಿಂತಿತ್ತು. ನನಗೆ ಫಾರ್ಸಿ ಒಂದಕ್ಷರ ಬಾರದು. ಆದರೂ ಅಂಚು ನೋಡಿದೊಡನೆ, "ಇಲ್ಲಿ ಯಾರಿಗೋ ಹುಷಾರಿಲ್ಲ" ಎಂದೆ. ಹುಡುಗಿ ಕಣ್ಣು ಬಿಟ್ಟಳು. ಹೌದಂತೆ, ಮಗುವಿಗೆ ಕೆಮ್ಮು, ಅತ್ತೆಗೆ ಕಣ್ಣುಬೇನೆ. ನಡುವಿನ ಸಾಲುಗಳಲ್ಲಿ ಏನಿದೆ? ಅದು ಹಳಬರೆಲ್ಲ ಬರೆಯುತ್ತಿದ್ದ ಸಿದ್ಧ ಮಾತು ಎಂದು ಓದಿದಳು: ಇಲ್ಲಿಯ ವರ್ತಮಾನ ಕೇಳುವಿರಾದರೆ, ದೇವರ ದಯೆ, ಎಲ್ಲರೂ ಆರೋಗ್ಯ, "ಮಲಾಲೀ ನೀಸ್ತ್ ಜೊಜ಼್ ದೂರಿ-ಯೆ ಶೊಮಾ." ನೀವು ದೂರವಿದ್ದೀರೆಂಬುದೊಂದನ್ನು ಬಿಟ್ಟರೆ ಬೇರೆ ಕೊರಗಿಲ್ಲ.

ನಾನು ಟ್ರಂಕು ಇಳಿಸಿದ್ದು ಆವತ್ತು ಸಂಜೆ.

ಫಾರ್ಸಿ ಕಾಗದಗಳ ಜೊತೆ ನಮಗೆ ಹಳೆಯ ನೆಂಟಸ್ತಿಕೆ ಉಂಟು. ಕ್ಯಾಸ್ಪಿಯನ್ ಸಮುದ್ರದ ಪಕ್ಕದ ಗೀಲಾನಿನಿಂದ ಮಹಮೂದ್ ಗವಾನ್ 1453ರಲ್ಲಿ ಬೀದರಿಗೆ ಬಂದು, ಬಹಮನಿ ರಾಜ್ಯದ ಮಂತ್ರಿಯಾಗಿ, 1472ರಲ್ಲಿ ಆ ದೊಡ್ಡ ಮದರಸಾ ಕಟ್ಟಿಸಿದ. ಅವನು ಬರೆದ ಕಾಗದಗಳು 'ರಿಯಾಜುಲ್ ಇನ್ಶಾ' ಎಂಬ ಹೆಸರಿನಲ್ಲಿ ಉಳಿದಿವೆ. ಸುಲ್ತಾನರಿಗೆ, ವಿದ್ವಾಂಸರಿಗೆ ಬರೆದವುಗಳ ಜೊತೆಗೆ ಮಕ್ಕಳಿಗೆ, ಅಣ್ಣನಿಗೆ, ದೂರದ ನೆಂಟರಿಗೆ ಬರೆದವೂ ಇವೆ. ಆ ಶೈಲಿ ಹೇಗೆಂದರೆ, ಒಂದು ಸಮಾಚಾರ ಬಾಗಿಲು ದಾಟಿ ಹೊರಬರಬೇಕಾದರೆ ನಾಲ್ಕು ಉಪಮೆ ಮುಂದೆ ಪಂಜು ಹಿಡಿದು ನಡೆಯಬೇಕು. ಮುನ್ಶಿಗಳು ಅದನ್ನೇ ಮಾದರಿಯಾಗಿಟ್ಟುಕೊಂಡು ಬರೆಯಲು ಕಲಿಯುತ್ತಿದ್ದರು. ಅಷ್ಟು ಚೆಂದದ ಕಾಗದ ಬರೆದವನನ್ನು ಕೊಂದದ್ದು ಅವನು ಬರೆಯದ ಒಂದು ಕಾಗದ. ಆಗದವರು ಅವನ ಮೊಹರಿನವನನ್ನು ಒಲಿಸಿಕೊಂಡು, ಖಾಲಿ ಹಾಳೆಗೆ ಮೊಹರು ಒತ್ತಿಸಿ, ಅದರಲ್ಲಿ ಒರಿಸ್ಸಾದ ರಾಜನಿಗೆಂದು ದ್ರೋಹದ ಮಾತು ಬರೆದು ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲ್ 5ರಂದು ತಲೆ ಹೋಯಿತು. ಖಾಲಿ ಕಾಗದಕ್ಕೆ ರುಜು ಹಾಕಬೇಡ ಎಂದು ತಾತ ಅಪ್ಪನಿಗೆ ಪದೇ ಪದೇ ಬರೆಯುತ್ತಿದ್ದರು. ಗವಾನನ ಕತೆ ಅವರಿಗೆ ಗೊತ್ತಿತ್ತೋ ಇಲ್ಲವೋ, ಕಚೇರಿಯ ಜಗಲಿಯ ಮೇಲೆ ಕೂತವರಿಗೆ ಅದು ತಾನಾಗಿ ತಿಳಿಯುತ್ತದೆ.

ತಾತ ದಸ್ತಾವೇಜು ಬರೆಯುವವರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ. ಅವರ ಕನ್ನಡದಲ್ಲಿ ಮೂರರಲ್ಲೊಂದು ಪದ ಫಾರ್ಸಿಯ ಕಡೆಯದು: ಮಜಕೂರು, ಖುದ್ದು, ರಾಜಿ, ವಗೈರೆ. 1958ರ ಬೇಸಿಗೆಯಲ್ಲಿ ಅವರಿಗೆ ಬೆನ್ನಿನ ಮೇಲೆ ಒಂದು ಹುಣ್ಣೆದ್ದಿತು. ಮೊದಲು ಅಗಸೆಬೀಜ ಅರೆದು ಬಿಸಿ ಪಟ್ಟು ಹಾಕಿದರು. ಹುಣ್ಣು ಒಂದು ಬಾಯಿ ಇದ್ದದ್ದು ಐದಾರು ಬಾಯಿ ಮಾಡಿಕೊಂಡಿತು. ನೋಡಿದವರು ಬೆನ್ನುಫಣಿ ಎಂದರು. ವೈಟ್‌ಫೀಲ್ಡಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಡಾಕ್ಟರಿದ್ದರು. ಪರಸ್ಥಳದ ಮನುಷ್ಯನ ಮುಂದೆ ಅಂಗಿ ಬಿಚ್ಚಿ ಬಾಯಿಬಿಟ್ಟು ಹೇಳುವುದು ತಾತನಿಗೆ ಆಗದ ಮಾತು, ಅದಕ್ಕೆ ಬರೆದುಕೊಂಡು ಹೋದರು. ಆ ಬರಹದ ಕಚ್ಚಾ ಪ್ರತಿ ಟ್ರಂಕಿನಲ್ಲಿ ಸಿಕ್ಕಿತು. "ಮಜಕೂರು ಹುಣ್ಣಿಗೆ ಚಕ್ಕುಬಂದಿ: ಪೂರ್ವಕ್ಕೆ ಬಲ ಹೆಗಲು, ಪಶ್ಚಿಮಕ್ಕೆ ಎಡ ಹೆಗಲು, ಉತ್ತರಕ್ಕೆ ಕತ್ತು, ದಕ್ಷಿಣಕ್ಕೆ ಉಡಿದಾರ, ಈ ಮಧ್ಯೆ ಇರುವಂಥಾದ್ದು. ಸದರಿ ಹುಣ್ಣು ಪಿತ್ರಾರ್ಜಿತವಲ್ಲ." ಡಾಕ್ಟರು ನಗಲಿಲ್ಲವಂತೆ. ಮೂತ್ರ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದು ಹೇಳಿದರು. ರಾತ್ರಿ ಹತ್ತು ಸಲ ಏಳುತ್ತಾರೆಂದು ಅಜ್ಜಿ ಅಂಚಿನಲ್ಲಿ ಎರಡು ವರ್ಷದಿಂದ ಬರೆಯುತ್ತಿದ್ದದ್ದು ಅದೇ.

ಬೆನ್ನುಫಣಿ ಎಂದರೆ ಆಗಿನ್ನೂ ಹೆದರುವ ಕಾಲ. ಹೈದರಾಲಿ ಸತ್ತದ್ದು ಅದರಲ್ಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ದಂಡಿನಲ್ಲಿ. ದೊಡ್ಡವರಿಗೇ ಬರುವ ಹುಣ್ಣೆಂದು ಅದಕ್ಕೆ ರಾಜಪೋಡಾ ಎಂಬ ಹೆಸರೂ ಇತ್ತೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಹೇಳುತ್ತಾನೆ. ಟಿಪ್ಪು ಆಗ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಚೆದರುತ್ತದೆಂದು ಪೂರ್ಣಯ್ಯ ಮತ್ತು ಕೃಷ್ಣರಾವ್ ಸಾವನ್ನು ಮುಚ್ಚಿಟ್ಟರು. ಮಗನಿಗೆ ಗುಟ್ಟಾಗಿ ಕಾಗದ ಹೋಯಿತು. ಹೆಣವನ್ನು ಸುಗಂಧ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನೆಂಬಂತೆ ಕಾವಲಿನಲ್ಲಿ ಕೋಲಾರಕ್ಕೆ, ಅವನ ತಂದೆಯ ಗೋರಿಯಿದ್ದ ಊರಿಗೆ, ಸಾಗಿಸಿದರು. ಇತ್ತ ದಂಡಿನಲ್ಲಿ ನವಾಬರಿಗೆ ಸ್ವಲ್ಪ ಹುಷಾರಿಲ್ಲ, ಅಷ್ಟೆ. ಸತ್ತವನನ್ನು ಇಷ್ಟು ದಿನ ಬರೀ ಹುಷಾರಿಲ್ಲದವನನ್ನಾಗಿ ಇಟ್ಟ ಮನೆತನ ನಮ್ಮ ಸೀಮೆಯಲ್ಲಿ ಮತ್ತೊಂದಿರಲಾರದು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಮಗನಿಗೋ ಕಾಗದದ ಚಟ. ಅವನ ಫಾರ್ಸಿ ಕಾಗದಗಳನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಕೋಟೆ, ಫಿರಂಗಿ, ಜಕಾತಿಗಳ ಅಪ್ಪಣೆಗಳ ನಡುವೆ ಇದ್ದಕ್ಕಿದ್ದಂತೆ ಯಾರದೋ ಕಾಯಿಲೆಗೆ ಔಷಧಿ ಹೇಳುವ ಟಿಪ್ಪು ಸಿಗುತ್ತಾನೆ. ಫ್ರೆಂಚರು ಕಳಿಸಿದ್ದ ಬ್ಯಾರೋಮೀಟರಿನ ಪಾದರಸ ಹಳತಾಗಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಬೇರೆ ಕಳಿಸಿ ಎಂದು ದೂರುತ್ತಾನೆ. ನನಗೆ ಸಿಂಹಾಸನದ ಟಿಪ್ಪುವಿಗಿಂತ ಈ ದೂರಿನ ಟಿಪ್ಪು ಹತ್ತಿರದವನಾಗಿ ಕಾಣುತ್ತಾನೆ.

ಹೈದರನಿಗೆ ಸಿಗದಿದ್ದದ್ದು ನಮ್ಮ ತಾತನಿಗೆ ಸಿಕ್ಕಿತು: ಪೆನ್ಸಿಲಿನ್. ಚುಚ್ಚಿ, ಕೊಯ್ದು, ಬತ್ತಿ ಇಟ್ಟು ಕಟ್ಟಿದರು. ಆ ಕಟ್ಟು ಇನ್ನೂ ಬಿಚ್ಚಿರದ ದಿನಗಳಲ್ಲೇ ಮನೆಯಲ್ಲಿ ಇನ್ನೊಂದು ತುರ್ತು ಹುಟ್ಟಿತು. ನಮ್ಮ ಸೋದರತ್ತೆಗೆ ಮಾಲೂರಿನ ಕಡೆಯಿಂದ ಸಂಬಂಧ. ಗಂಡಿನವರು ಮನೆಯವರೆಲ್ಲರ ಫೋಟೋ ಕೇಳಿದ್ದರು. ಯಜಮಾನನಿಗೆ ಸಕ್ಕರೆ, ಬೆನ್ನಿನಲ್ಲಿ ಹುಣ್ಣು ಎಂದು ಗೊತ್ತಾದರೆ ಸಂಬಂಧ ಮುರಿಯುತ್ತದೆ, ಹುಣ್ಣು ಮಾಯುವತನಕ ಕಾದರೆ ಗಂಡು ಕೈತಪ್ಪುತ್ತದೆ. ಎಲ್ಲರೂ ಬಸ್ಸು ಹತ್ತಿ ಕಂಟೋನ್ಮೆಂಟಿನ ಸ್ಟುಡಿಯೋಗೆ ಹೋದರು.

ಆ ಫೋಟೋ ಹುಡುಗಿಯ ಕೈಯಲ್ಲಿ ಬಹಳ ಹೊತ್ತು ಇತ್ತು. ತಾತ ನಡುವಿನ ಕುರ್ಚಿಯಲ್ಲಿ ಕೂತಿದ್ದಾರೆ. ಮೈಸೂರು ಪೇಟ, ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಅದರ ಮೇಲೆ ಮೇ ತಿಂಗಳ ಸೆಕೆಯಲ್ಲಿ ಶಾಲು. ಉಳಿದವರೆಲ್ಲ ಕುರ್ಚಿಗೋ ಒಬ್ಬರಿಗೊಬ್ಬರೋ ಒರಗಿದ್ದಾರೆ. ತಾತನ ಬೆನ್ನಿಗೂ ಕುರ್ಚಿಯ ಬೆನ್ನಿಗೂ ನಡುವೆ ಒಂದು ಗೇಣು ಜಾಗ. ಕಂಬ ನೆಟ್ಟ ಹಾಗೆ, ಗದ್ದ ಎತ್ತಿ, ದಿವಾನರೇ ಬಂದು ಕೂತಂತೆ ಕೂತಿದ್ದಾರೆ. "ಇವರು ನಮ್ಮ ಕಡೆಯವರಾ?" ಎಂದು ಹುಡುಗಿ ಕೇಳಿದಳು. ಮಾಲೂರಿನವರೂ ಹಾಗೆಯೇ ಬೆರಗಾಗಿದ್ದರಂತೆ. "ಯಜಮಾನರ ಠೀವಿ ನೋಡ್ರಪ್ಪ" ಎಂದು ಫೋಟೋವನ್ನು ಕೈಯಿಂದ ಕೈಗೆ ದಾಟಿಸಿ, ಇಂಥ ಮನೆತನದ ಹೆಣ್ಣು ಬಿಡಬಾರದು ಎಂದು ಒಪ್ಪಿಗೆ ಹೇಳಿ ಕಳಿಸಿದರು. ಒರಗಿದರೆ ಪ್ರಾಣ ಹೋಗುತ್ತಿತ್ತೆಂಬ ನಿಜ ಅವರಿಗೆ ತಿಳಿಯುವ ಹೊತ್ತಿಗೆ ಅತ್ತೆಗೆ ಎರಡು ಮಕ್ಕಳು.

ಫೋಟೋದಲ್ಲಿ ಅಜ್ಜಿ ತೀರ ಅಂಚಿನಲ್ಲಿದ್ದಾಳೆ, ಅವಳ ಬರಹದಂತೆಯೇ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವಳೊಬ್ಬಳು ತಾತನ ಬೆನ್ನು ನೋಡುತ್ತಿದ್ದಾಳೆ.

ಹುಡುಗಿಯ ಬಳಿಯೂ ಒಂದು ಫೋಟೋ ಇತ್ತು. ಕೆಮ್ಮಿನ ಮಗುವಿನದು. ಅವರ ದೊರೆ ನಾಸಿರುದ್ದೀನ್ ಷಾಗೆ ಫೋಟೋದ ಹುಚ್ಚು ಹಿಡಿದು, ತಾನೇ ಕಲಿತು, ಅಂತಃಪುರದ ಹೆಂಡಿರ ಚಿತ್ರಗಳನ್ನೆಲ್ಲ ತೆಗೆದು ಆಲ್ಬಮ್ಮು ಮಾಡಿಟ್ಟಿದ್ದಾನೆ. ಅರಮನೆಯ ಹುಚ್ಚು ಕ್ರಮೇಣ ಮನೆಗಳಿಗೂ ಇಳಿಯಿತು. ಈಗ ಹಾರ್ವರ್ಡಿನ ಅಫ್ಸಾನೆ ನಜ್ಮಾಬಾದಿಯವರು ಆ ಕಾಲದ ಇರಾನಿ ಹೆಂಗಸರ ಕಾಗದ, ಮದುವೆಯ ಕರಾರು, ಫೋಟೋಗಳನ್ನು ಮನೆಮನೆಯ ಪೆಟ್ಟಿಗೆಗಳಿಂದ ಹೊರತೆಗೆಸಿ ಪ್ರತಿ ಮಾಡಿಸಿಡುತ್ತಿದ್ದಾರೆ ಎಂದು ಹುಡುಗಿ ಹೇಳಿದಳು. ಇವಳ ಫೋಟೋದಲ್ಲಿ ಮಗು ಕುರ್ಚಿಯ ಮೇಲಿದೆ, ಕಸೂತಿಯ ಟೋಪಿ, ದೊಡ್ಡ ಕಣ್ಣು. ಒಂದು ಪಕ್ಕದಿಂದ ಒಂದು ಕೈ ಬಂದು ಮಗುವಿನ ಭುಜವನ್ನು ಹಿಡಿದಿದೆ. ಕೈಯವರು ಚೌಕಟ್ಟಿನ ಆಚೆ. ಬಳೆಯಿದೆ, ಆದ್ದರಿಂದ ಹೆಂಗಸು. ತಾಯಿಯೋ ಅತ್ತೆಯೋ ದಾದಿಯೋ ಹೇಳುವವರು ಈಗ ಯಾರೂ ಉಳಿದಿಲ್ಲ. "ಮಗು?" ಎಂದೆ. ಹುಡುಗಿ ಫೋನನ್ನು ಮಗುಚಿಟ್ಟಳು. ನನ್ನ ಹೆಂಡತಿ ಒಳಗೆ ಹೋಗಿ ಕಾಫಿ ತಂದಳು, ಆವತ್ತು ಅದರಲ್ಲಿ ಸಕ್ಕರೆ ಹೆಚ್ಚಾಗಿತ್ತು.

ಅಂದಹಾಗೆ, ಅಪ್ಪನಿಗೆ ತಾತನ ಹುಣ್ಣಿನ ಸುದ್ದಿ ತಲುಪಿದ್ದು ಹೀಗೆ: ಆ ವಾರದ ಇನ್‌ಲ್ಯಾಂಡಿನಲ್ಲಿ ತಾತ ಎಲ್ಲರೂ ಕ್ಷೇಮ ಎಂದಿದ್ದರು. ಕಿವಿಯ ಮೇಲೆ ಅಜ್ಜಿ ಬರೆದದ್ದರಲ್ಲಿ ಗೋಂದಿಗೆ ಹೋಗಿ ಉಳಿದದ್ದು, "ಇವರಿಗೆ ಬೆನ್ನ", ಒಂದು ಹರುಕು, "ಕೊಯ್ಯಬೇಕಂತೆ", ಇನ್ನೊಂದು ಹರುಕು, "ಬರಬೇಡ, ಖರ್ಚು. ಬಂದರೆ ಮಗೂನ ಕರಕೊಂಡು ಬಾ." ಆ ಮಗು ನಾನು. ಅಪ್ಪ ಗಿರಣಿಗೆ ಹೇಳದೆ ರಾತ್ರಿ ರೈಲು ಹತ್ತಿದರು. ನನಗೆ ನೆನಪಿರುವುದು ಅಗಸೆಬೀಜದ ವಾಸನೆ, ಬೋರಲಾಗಿ ಮಲಗಿದ್ದ ತಾತ ಮುಖ ತಿರುಗಿಸಿ, "ಯಾರು ಬರೆದದ್ದು ನಿನಗೆ?" ಎಂದು ಅಪ್ಪನನ್ನು ಗದರಿದ್ದು, ಅಜ್ಜಿ ಒಲೆಯ ಕಡೆ ತಿರುಗಿಕೊಂಡದ್ದು.

ಇರಾನಿನವರು ಎರಡು ವರ್ಷ ಇದ್ದು ಹೋದರು. ಹೋಗುವಾಗ ಹುಡುಗಿ ಒಂದು ಶೀಷೆ ಗೊಲಾಬ್ ಕೊಟ್ಟಳು. ಅದು ಪನ್ನೀರೇ ಎಂದು ನೂರು ಸಲ ಹೇಳಿದರೂ ಮನೆಗೆ ಬಂದ ಯಾರೊಬ್ಬರೂ ಅದನ್ನು ಹಾಕಿದ ಪಾಯಸ ಮುಟ್ಟಲಿಲ್ಲ. ಆಗೊಮ್ಮೆ ಈಗೊಮ್ಮೆ ಮೆಸೇಜು ಬರುತ್ತದೆ. ಎಲ್ಲ ಕ್ಷೇಮ, ಅಂಕಲ್. ನಾನು ನಂಬುವುದಿಲ್ಲ, ನಾನೂ ಕ್ಷೇಮ ಎಂದು ಉತ್ತರ ಕೊಡುತ್ತೇನೆ.

ಹುಣ್ಣು ಪಿತ್ರಾರ್ಜಿತವಲ್ಲ ಎಂದು ತಾತ ಬರೆದದ್ದು ಸರಿ, ಸಕ್ಕರೆಯ ಮಾತು ಬೇರೆ. ಅದು ಅಪ್ಪನಿಗೆ ಬಂತು, ನನಗೂ ಬಂತು, ಯಾರೂ ದಾವೆ ಹೂಡದೆ ಪಾಲಾಯಿತು. ಹೋದ ತಿಂಗಳು ಕಾಲಬೆರಳಿಗೆ ಕಲ್ಲು ತಾಗಿದ ಗಾಯ ಮಾಯಲಿಲ್ಲ. ನೋಡಿದರೆ ಸಕ್ಕರೆ ಇನ್ನೂರ ಎಂಬತ್ತು. ಮಗಳು ಇರುವುದು ಪೀಣ್ಯದಲ್ಲಿ. ಮಾರತಹಳ್ಳಿ, ಹೆಬ್ಬಾಳ, ಗೊರಗುಂಟೆಪಾಳ್ಯ ದಾಟಿ ಬರುವಷ್ಟರಲ್ಲಿ ಬುಶೆಹರಿನಿಂದ ಶಿರಾಜಿಗೆ ಹೋಗಬಹುದು. ಅವಳಿಗೆ ಹೇಳುವುದು ಬೇಡ ಎಂದು ಹೆಂಡತಿಯಿಂದ ಆಣೆ ಮಾಡಿಸಿಕೊಂಡೆ. ಸಂಜೆ ಜಗಲಿಯ ಮೇಲೆ ಕೂತು, ಎದೆಯವರೆಗೆ ಬರುವ ಹಾಗೆ ಒಂದು ಫೋಟೋ ತೆಗೆಯಲು ಹೇಳಿ, ಮನೆಯ ಗ್ರೂಪಿಗೆ ಹಾಕಿದೆ: "ಇಲ್ಲಿ ಎಲ್ಲರೂ ಕ್ಷೇಮ." ನಗುಮುಖ, ಇಸ್ತ್ರಿ ಅಂಗಿ, ಹಿಂದೆ ಕೆರೆ. ಅಳಿಯ ಹೆಬ್ಬೆರಳು ಎತ್ತಿದ. ಮಾಲೂರಿನ ಅತ್ತೆಯ ಮೊಮ್ಮಕ್ಕಳು ಕೈಮುಗಿದರು.

ಹತ್ತು ನಿಮಿಷಕ್ಕೆ ಮಗಳ ಫೋನು.

"ಅಪ್ಪಾ, ಫೋಟೋದ ಮೂಲೇಲಿ ಒಂದೇ ಚಪ್ಪಲಿ ಇದೆ. ಅದೂ ಪಟ್ಟಿ ಕಟ್ ಮಾಡಿರೋದು."

ಫೋಟೋ ತೆಗೆದವಳ ಕಡೆ ತಿರುಗಿ ನೋಡಿದೆ. ನನ್ನ ಹೆಂಡತಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದಳು.

"ಚಪ್ಪಲಿ ಹಳೇದು ಕಣೇ," ಎಂದೆ.

"ಸರಿ," ಎಂದು ಅವಳು ಫೋನಿಟ್ಟಳು. ಎರಡೂವರೆ ಗಂಟೆಯ ಮೇಲೆ ಗೇಟಿನ ಚಿಲಕ ಸದ್ದಾಯಿತು. ನಾನು ಕಾಲಿನ ಮೇಲೆ ಹಾಕಿಕೊಳ್ಳಲು ಶಾಲು ಹುಡುಕಿದೆ. ಅದು ಬೇಕೆಂದಾಗ ಇಟ್ಟ ಜಾಗದಲ್ಲಿ ಎಂದೂ ಇರುವುದಿಲ್ಲ.